ಜೇಬಿನಲ್ಲಿ ಸಿಕ್ಕಿದ್ದು

"ಆ ಕೊನೇ ಮೊಳೆಯಲ್ಲಿರೋದನ್ನ ಮಾತ್ರ ತೊಳೀಬೇಡ. ಮುಟ್ಟಲೂ ಬೇಡ."

ಯಜಮಾನಮ್ಮ ಹೇಳಿದ್ದು ಇಷ್ಟೇ. ಹೇಳುವಾಗ ಹಲ್ಲುನೋವಿನವರ ಹಾಗೆ ಎಡಗೆನ್ನೆಗೆ ಅಂಗೈ ಒತ್ತಿಕೊಂಡಿದ್ದಳು. ವೇಷದ ಬಟ್ಟೆ ಬಾಡಿಗೆಗೆ ಕೊಡುವ ಆ ಅಂಗಡಿಗೆ ಅವನು ಕೆಲಸಕ್ಕೆ ಬಂದ ಮೊದಲ ದಿನ ಅದು. ರಾಜ, ರಾಕ್ಷಸ, ಪೊಲೀಸು, ಮದುಮಗಳು, ಕರಡಿ, ಎಲ್ಲರೂ ಸಾಲಾಗಿ ಹ್ಯಾಂಗರಿಗೆ ಜೋತುಬಿದ್ದಿದ್ದರು. ಸಾಲಿನ ಕಟ್ಟಕಡೆಗೆ, ಗೋಡೆಗೆ ಹೊಡೆದ ಮೊಳೆಯಲ್ಲಿ, ಗಡ್ಡ ಟೋಪಿ ಸಮೇತ ಒಂದು ಸಾಂತಾ ಕೋಟು. ಅದರ ಬಣ್ಣ ಕೆಂಪು ಎಂದು ಗೊತ್ತಾಗಬೇಕಾದರೆ ಹತ್ತಿರ ಹೋಗಬೇಕಿತ್ತು. ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕಿತ್ತು.

"ಯಾಕಮ್ಮ, ತೊಳೆದ್ರೆ ಹರಿದುಹೋಗತ್ತಾ?"

"ಎದ್ದುಬರ್ತಾನೆ."

"ಯಾರು?"

"ಅದನ್ನ ಹಾಕ್ಕೊಂಡಿದ್ದೋನು."

ಅವನು ನಕ್ಕ. "ಬರಲಿ ಬಿಡಿ. ಅವನಿಗೂ ಒಂದು ಇಸ್ತ್ರಿ ಹಾಕಿ ಕಳಿಸ್ತೀನಿ." ಮುದುಕಿ ನಗಲಿಲ್ಲ, ಬೈಯಲೂ ಇಲ್ಲ. ಕೆನ್ನೆಯಿಂದ ಕೈ ತೆಗೆಯದೆ ಒಳಗಿನ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನ ಜಂಬಕ್ಕೆ ಕಾರಣವಿಲ್ಲದಿರಲಿಲ್ಲ ಅನ್ನಿ. ಹನ್ನೆರಡು ವರ್ಷ ದೊಡ್ಡ ಲಾಂಡ್ರಿಯಲ್ಲಿ ಕೆಲಸ ಮಾಡಿ ಬಂದವನು. ಅಲ್ಲಿ ಅವನನ್ನು ಕಲೆ ಡಾಕ್ಟರು ಎಂದೇ ಕರೆಯುತ್ತಿದ್ದರು. ಶಾಯಿ, ತುಕ್ಕು, ರಕ್ತ, ಎಂಜಿನ್ ಎಣ್ಣೆ, ಯಾವ ಕಲೆಯೂ ಅವನ ಕೈಗೆ ಸಿಕ್ಕಿ ಉಳಿದದ್ದಿಲ್ಲ. ಕೊಳೆ ಕಂಡರೆ ಅವನಿಗೆ ಮೈಯೆಲ್ಲ ತುರಿಸುತ್ತಿತ್ತು. ಅಕ್ಕ ಉಜ್ಜಿಟ್ಟ ಸಿಂಕನ್ನೇ ಮತ್ತೊಮ್ಮೆ ಉಜ್ಜುತ್ತಿದ್ದ. ಬೇರೆಯವರು ಕುಡಿದ ಲೋಟ ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯುತ್ತಿದ್ದ. "ಇವನನ್ನ ಕಟ್ಟಿಕೊಳ್ಳೋಳು ದಿನಾ ಕುದಿಯೋ ನೀರಲ್ಲಿ ಮುಳುಗಿ ಏಳಬೇಕು," ಎಂದು ಭಾವ ಹೊಟ್ಟೆ ಕುಣಿಸಿ ನಗುತ್ತಿದ್ದ. ಯಾರೂ ಕಟ್ಟಿಕೊಂಡಿರಲಿಲ್ಲ. ಅವನು ಅಕ್ಕ ಭಾವನ ಮನೆಯಲ್ಲೇ ಇದ್ದ.

ಆ ಅಕ್ಕ ಅವನ ಪಾಲಿಗೆ ಬರೀ ಅಕ್ಕನಲ್ಲ. ಅವನ ಹಾಲುಹಲ್ಲು ಬೀಳುವ ಮೊದಲೇ ತಾಯಿ ತೀರಿಕೊಂಡಿದ್ದಳು. ಜ್ವರ ಬಂದು ವಾಂತಿ ಮಾಡುವಾಗ, "ಹಾಸಿಗೆ ಕೊಳೆಯಾಗತ್ತೆ" ಎಂದು ಅವನು ಅಳುತ್ತಿದ್ದರೆ, ಎರಡೂ ಅಂಗೈ ಜೋಡಿಸಿ ಒಡ್ಡಿ, "ಇದರಲ್ಲಿ ಉಗಿಯೋ ತಮ್ಮಾ" ಎಂದವಳು ಅವಳು. ಅವಳಿಗಾಗ ಹದಿಮೂರು ವರ್ಷ. ಲೋಕದಲ್ಲಿ ಅವನಿಗೆ ಹೇಸಿಗೆ ಅನ್ನಿಸದ ಜೀವ ಎಂದರೆ ಅದೊಂದೇ.

ಕಲೆ ಡಾಕ್ಟರಿಗೆ ಇನ್ನೊಂದು ಹಟವಿತ್ತು. ಜೇಬು ನೋಡದೆ ಯಾವ ಬಟ್ಟೆಯನ್ನೂ ನೀರಿಗೆ ಹಾಕುವವನಲ್ಲ. ಮರೆತ ಒಂದು ಪೆನ್ನು ನೂರು ಬಟ್ಟೆ ಹಾಳುಮಾಡಿದ್ದನ್ನು ಕಂಡವನು. ಹೊಲಿದು ಮುಚ್ಚಿದ ಜೇಬಾದರೂ ಬಿಚ್ಚಿ ನೋಡುತ್ತಿದ್ದ. ಸಿಕ್ಕಿದ್ದು ಏನೇ ಇರಲಿ, ಬಸ್ ಟಿಕೆಟಾಗಲಿ, ಪ್ರೇಮಪತ್ರವಾಗಲಿ, ಸಣ್ಣ ಲಕೋಟೆಗೆ ಹಾಕಿ ಹ್ಯಾಂಗರಿಗೆ ಪಿನ್ ಮಾಡುತ್ತಿದ್ದ. ಬಟ್ಟೆಯ ಜೊತೆಗೇ ಅದೂ ಗಿರಾಕಿಯ ಕೈ ಸೇರಬೇಕು. ಇದರಿಂದ ಎರಡು ಮದುವೆ ಮುರಿದಿದ್ದವು. ಅವನು ತಲೆ ಕೆಡಿಸಿಕೊಂಡಿರಲಿಲ್ಲ.

ಕ್ರಿಸ್‌ಮಸ್ ಹತ್ತಿರ ಬಂತು. ಅಂಗಡಿಯಲ್ಲಿದ್ದ ಸಾಂತಾ ವೇಷಗಳು ಒಂದೊಂದಾಗಿ ಹೋದವು. ಭಾವ ಬಸ್ ಡ್ರೈವರು. ಡಿಪೋದಲ್ಲಿ ನೌಕರರ ಮಕ್ಕಳಿಗೆಲ್ಲ ಒಂದು ಮಧ್ಯಾಹ್ನ ಸಾಂತಾ ಬಂದು ಉಡುಗೊರೆ ಹಂಚಬೇಕು ಎಂದು ತೀರ್ಮಾನವಾಗಿ, ಹೊಟ್ಟೆಯ ಅರ್ಹತೆಯ ಮೇಲೆ ಭಾವನೇ ಆಯ್ಕೆಯಾಗಿದ್ದ. ಉಳಿದಿದ್ದ ಒಂದೇ ಕೋಟನ್ನು ಹಾಕಿನೋಡಿ ಉಸಿರು ಬಿಟ್ಟಾಗ ಅದರ ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ಹರಿಯಿತು.

"ಆಯ್ತಲ್ಲ," ಎಂದ ಭಾವ, ಮುಖ ಸಣ್ಣಗೆ ಮಾಡಿಕೊಂಡು. "ಮಕ್ಕಳಿಗೆ ಈಗ ಏನು ಹೇಳೋದು?"

ಅವನ ಕಣ್ಣು ತಾನಾಗಿ ಕೊನೇ ಮೊಳೆಯ ಕಡೆ ಹೋಯಿತು. ಅಳತೆ ನೋಡಿದ. ಭಾವನಿಗೆಂದೇ ಹೊಲಿದಂತಿತ್ತು.

ಮರುದಿನ ಬೆಳಿಗ್ಗೆ ಅಂಗಡಿ ಹಿಂದಿನ ಅಂಗಳದಲ್ಲಿ, ಬಿಸಿಲಿನಲ್ಲಿ, ಕಲ್ಲಿನ ತೊಟ್ಟಿಯ ಮುಂದೆ ಕೂತ. ಕೈಗೆ ರಬ್ಬರ್ ಗವಸು, ಮೂಗಿಗೆ ಬಟ್ಟೆ. ಆದರೂ ವಾಸನೆ ಒಳಗೆ ಬಂತು. ಮುಚ್ಚಿದ ಡಬ್ಬಿಯಲ್ಲಿ ವಾರಗಟ್ಟಲೆ ಉಳಿದ ಮಾಂಸದ ವಾಸನೆ. ಅದರ ಮೇಲೆ ಬೆವರು, ಅದರ ಮೇಲೆ ಕಮಟು ಎಣ್ಣೆ, ಎಲ್ಲದರ ಕೆಳಗೆ ಬಾಯಿ ತೊಳೆಯದವರ ಉಸಿರು. ಬಟ್ಟೆಗೆ ಉಸಿರಿನ ವಾಸನೆ ಎಲ್ಲಿಂದ ಬಂತು ಎಂದು ಅವನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಗಡ್ಡದ ಕೂದಲು ಜಿಡ್ಡಿನಲ್ಲಿ ಅಂಟಿ ಹಗ್ಗದಂತಾಗಿತ್ತು. ಅದರ ಬುಡದಲ್ಲಿ ಬಟ್ಟೆಯ ಬದಲು ತೆಳ್ಳಗೆ ಒಣಗಿದ ಯಾವುದೋ ಪೊರೆ. ಕಾಲರಿನ ಮೇಲೆ ಬೆರಳ ದಪ್ಪ ಕೊಳೆ, ಯಾರೋ ಕೂತು ಮೆತ್ತಿದ ಹಾಗೆ ಒಂದೇ ಸಮನಾಗಿ ಇತ್ತು.

ಜೇಬು ನೋಡಿದ. ಹೊರಗಿನ ಎರಡೂ ಖಾಲಿ. ಎಡಗಡೆಯ ಒಳಜೇಬನ್ನು ಕಪ್ಪು ದಾರದಲ್ಲಿ ಹೊಲಿದು ಮುಚ್ಚಿದ್ದರು. ಹತ್ತಿರ ಹಿಡಿದು ನೋಡಿದರೆ ದಾರವಲ್ಲ, ಕೂದಲು. "ಥೂ, ಎಂಥ ದರ್ಜಿಯಪ್ಪ," ಎಂದುಕೊಂಡು ಬ್ಲೇಡಿನಿಂದ ಬಿಚ್ಚಿದ. ಒಳಗೆ ಕೋಳಿಮೊಟ್ಟೆ ಗಾತ್ರದ ಕರಿ ಮುದ್ದೆಯಿತ್ತು. ಮೇಣ, ಕೊಬ್ಬು, ಕೂದಲು. ಅಲುಗಿಸಿದರೆ ಒಳಗೆ ಕಡಕಡ ಅಂದಿತು. ಕೋಟಿನ ಹೆಚ್ಚುವರಿ ಗುಂಡಿಗಳನ್ನು ಯಾರೋ ಹೀಗೆ ಕಟ್ಟಿಟ್ಟಿರಬೇಕು ಎಂದುಕೊಂಡ. ತನ್ನ ರೂಢಿಯಂತೆ ಲಕೋಟೆಗೆ ಹಾಕಿ, ಹ್ಯಾಂಗರಿಗೆ ಪಿನ್ ಮಾಡಿದ.

ಆಮೇಲೆ ನೀರು ಬಿಟ್ಟ.

ಮೊದಲ ನೀರು ಕಂದು. ಎರಡನೆಯದು ಹಳದಿ, ಮೇಲೆ ಸಾರಿನ ಜಿಡ್ಡಿನ ಹಾಗೆ ಕಟ್ಟಿದ ಕೆನೆ. ಮೂರನೆಯದರಲ್ಲಿ ಉಗುರಿನ ಚೂರು ತೇಲಿದವು. ತಣ್ಣೀರು ಹಾಕಿದ್ದ, ಕೋಟು ಮಾತ್ರ ಕೈಯಲ್ಲಿ ಬೆಚ್ಚಗಿತ್ತು. ಎರಡು ಸಲ ಎದ್ದುಹೋಗಿ ಓಕರಿಸಿ ಬಂದ. ಬಿಡಲಿಲ್ಲ. ಒಂದು ಹಂತದಲ್ಲಿ ಯಜಮಾನಮ್ಮನ ಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಕೆಮ್ಮು ಕೇಳಿಸಿತು, ತೀರ ಹತ್ತಿರದಿಂದ. ಸಿಕ್ಕಿಬಿದ್ದೆ ಅಂದುಕೊಂಡು ಸುಮ್ಮನೆ ಕೂತ. ಬಾಗಿಲು ತೆರೆಯಲಿಲ್ಲ. ಏಳನೆಯ ನೀರಿಗೆ ಕೋಟು ಕೆಂಪಾಯಿತು. ಎಂಥ ಕೆಂಪು ಅಂತೀರಿ, ಈಗಷ್ಟೇ ಕೊಯ್ದ ಹಾಗೆ. ಗಡ್ಡ ಹಾಲಿನಂತೆ ಬಿಳಿಯಾಯಿತು. ಕಲೆ ಡಾಕ್ಟರು ಸೊಂಟದ ಮೇಲೆ ಕೈಯಿಟ್ಟು ನೋಡಿ ಖುಷಿಪಟ್ಟ.

ಡಿಪೋದ ಕಾರ್ಯಕ್ರಮವಿದ್ದದ್ದು ಅದರ ಮರುದಿನ ಮೂರು ಗಂಟೆಗೆ. ಬೆಳಿಗ್ಗೆಯೇ ಹ್ಯಾಂಗರ್ ಸಮೇತ ಕೋಟನ್ನು ಮನೆಯಲ್ಲಿ ಭಾವನ ಕೈಗಿಟ್ಟ. "ಲಕೋಟೆಯಲ್ಲಿ ಗುಂಡಿ ಇದಾವೆ ಭಾವ, ಕಳೀಬೇಡಿ."

"ಜೇಬಲ್ಲೇ ಹಾಕ್ಕೋತೀನಪ್ಪ," ಎಂದ ಭಾವ. ಅಕ್ಕ ಬ್ರೆಡ್ ಫ್ಯಾಕ್ಟರಿಯ ಬೆಳಗಿನ ಪಾಳಿಗೆ ಹೊರಟಿದ್ದಳು. ಬಾಗಿಲಲ್ಲಿ ನಿಂತು, "ನಾನು ಬರೋವರೆಗೂ ಹಾಕ್ಕೋಬೇಡಿ. ನಾನೇ ಗಡ್ಡ ಕಟ್ಟಿಕೊಡ್ತೀನಿ," ಎಂದು ನಕ್ಕು ಹೋದಳು. ಅವಳು ಮನೆಗೆ ಬರುವುದು ಎರಡೂವರೆಗೆ.

ಮೂರೂಕಾಲಿಗೆ ಅಂಗಡಿಗೆ ಫೋನು ಬಂತು. ಡಿಪೋದವರು.

"ನಿಮ್ಮ ಭಾವ ಎಲ್ಲಿ ಮಾರಾಯ? ಮಕ್ಕಳು ಕಾಯ್ತಾ ಕೂತಿದಾವೆ. ಫೋನ್ ಎತ್ತಿದ್ರು, ಮಾತಾಡ್ಲಿಲ್ಲ. ಬರೀ ಉಸಿರು ಬಿಟ್ರು."

ಮನೆಗೆ ಫೋನು ಮಾಡಿದ. ಎತ್ತಿದರು. ಉಸಿರು. ಆಮೇಲೆ ದೂರದಲ್ಲಿ ಅಕ್ಕನ ದನಿ. ಮಾತಲ್ಲ. ಬಾಯಿಯೊಳಗೆ ಬಟ್ಟೆ ತುರುಕಿದಾಗ ಬರುವ ದನಿ.

ತಿರುಗಿದರೆ ಯಜಮಾನಮ್ಮ ಹಿಂದೆಯೇ ನಿಂತಿದ್ದಳು. ಖಾಲಿ ಮೊಳೆಯನ್ನು ನೋಡುತ್ತಿದ್ದಳು.

"ತೊಳೆದ್ಯಾ?"

ಅವನು ತಲೆಯಾಡಿಸಿದ.

"ಜೇಬು?"

"ಬಿಚ್ಚಿದೆ. ಒಳಗಿದ್ದ ಗುಂಡಿ ಭಾವನಿಗೇ ಕೊಟ್ಟೆ."

"ಗುಂಡಿಯಲ್ಲ, ಹಲ್ಲು," ಎಂದಳು ಮುದುಕಿ. ಮೊದಲ ಸಲ ಕೆನ್ನೆಯಿಂದ ಕೈ ತೆಗೆದು ಬಾಯಿ ತೆರೆದಳು. ಎಡಗಡೆ ಹಿಂದೆ ಒಂದು ಹಲ್ಲಿರಲಿಲ್ಲ. ಆ ಕುಳಿ ಇನ್ನೂ ಹಸಿಯಾಗಿಯೇ ಇತ್ತು. ಕೀವಿನ ವಾಸನೆ ಅವನ ಮುಖಕ್ಕೆ ಹೊಡೆಯಿತು.

ಆಮೇಲೆ ಹೇಳಿದ್ದೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಮೂವತ್ತೊಂದು ವರ್ಷದ ಹಿಂದೆ ಒಬ್ಬ ಗಿರಾಕಿ ಆ ವೇಷ ತೊಟ್ಟು ಹಾಡುಹಗಲಲ್ಲೇ ಮನೆಮನೆಗೆ ಹೋಗಿದ್ದ. ಸಾಂತಾ ಬಂದರೆ ಯಾರು ಬಾಗಿಲು ತೆರೆಯುವುದಿಲ್ಲ? ಆರು ಮನೆ, ಆರು ಹೆಣ. ಪ್ರತಿ ಹೆಣದ ಬಾಯಲ್ಲೂ ಒಂದು ದವಡೆಹಲ್ಲು ಇರಲಿಲ್ಲ. ಏಳನೆಯದು ಈ ಅಂಗಡಿ. ಮುದುಕಿಯ ಹಲ್ಲು ಕಿತ್ತು ಕುತ್ತಿಗೆಗೆ ಕೈಹಾಕುವಾಗ ಅವಳ ಗಂಡ ಇಸ್ತ್ರಿ ಪೆಟ್ಟಿಗೆಯಿಂದ ಅವನ ತಲೆ ಒಡೆದ. ಅವನು ಸತ್ತ. ಕೋಟು ಸಾಯಲಿಲ್ಲ. ಮುಂದಿನ ವರ್ಷ ಅದನ್ನು ತೊಟ್ಟವನು ತನ್ನ ಹೆಂಡತಿಯ ದವಡೆಗೆ ಕೈಹಾಕಿದ, ಹಲ್ಲು ಕೀಳುವ ಮೊದಲೇ ಜನ ಹಿಡಿದರು. ಸುಟ್ಟು ನೋಡಿದರು. ಕೋಟಿನ ತೋಳಿನ ಅಂಚಿಗೆ ಬೆಂಕಿ ಹತ್ತಿದಾಗ ದೂರ ನಿಂತಿದ್ದ ಮುದುಕಿಯ ಗಂಡನ ಕೈ ಕರಟಿತು. ಕಡೆಗೆ ಮಾಟ ಬಲ್ಲವನೊಬ್ಬ ಬಂದು ಕಟ್ಟು ಹಾಕಿದ. ಕೊಳೆಯಲ್ಲಿ ಹೂತರೆ ಮಲಗಿರುತ್ತಾನೆ. ಕಿತ್ತ ಹಲ್ಲುಗಳು ಅವನ ಎದೆಯ ಮೇಲೇ ಇರಬೇಕು, ಅವುಗಳಲ್ಲಿ ಒಂದು ಬದುಕಿರುವವರದ್ದಾಗಿರಬೇಕು, ಆ ಬದುಕಿರುವವರು ಮೊಳೆಯ ಕಾವಲಿಗಿರಬೇಕು.

"ಈಗೇನು ಮಾಡ್ಲಿ?" ಎಂದ ಅವನು.

"ಕೊಳೆ ಹಚ್ಚು. ತೊಳೆದವನೇ ಬಾಯಲ್ಲಿ ಹಾಕಿ ಅಗಿದು, ಉಗಿದು ಹಚ್ಚಬೇಕು. ಕಾಲರಿನಿಂದ ಶುರುಮಾಡು. ಮುದ್ದೆ ತಿರುಗಿ ತಗೊಂಡು ಬಾ."

"ಬಾಯಲ್ಲಾ?"

"ನಿಮ್ಮಕ್ಕ ಬೇಕಾ ಬೇಡ್ವಾ?"

"ನೀವೂ ಬನ್ನಿ ಅಮ್ಮ."

ಮುದುಕಿ ಹೊಸಿಲ ಮೇಲೆ ಪಾದ ಇಟ್ಟು ತೋರಿಸಿದಳು. ತುಟಿಯ ಅಂಚಿನಿಂದ ರಕ್ತ ಇಳಿಯಿತು. ಹಿಂದೆ ಸರಿದಳು. ಅವನು ಓಡಿದ.

ಮನೆ ಮೂರು ಬೀದಿ ಆಚೆ. ಬಿಸಿಲು ಹೊಳೆಯುತ್ತಿತ್ತು. ತನ್ನ ಬಾಗಿಲಲ್ಲಿ ಎದುರುಮನೆಯಾಕೆ ನಿಂತು ನಗುತ್ತಿದ್ದಳು. "ನಿಮ್ಮ ಭಾವ ಎಷ್ಟು ಚೆನ್ನಾಗಿ ಕಾಣ್ತಾರೆ. ಕೈ ಬೀಸಿ ಒಳಗೆ ಕರೆದ್ರು, ಆಮೇಲೆ ಬರ್ತೀನಿ ಅಂದೆ." ಅವನು ಮನೆಯ ಬಾಗಿಲು ತಳ್ಳಿದ.

ಮನೆ ಫಿನೈಲು ವಾಸನೆ ಹೊಡೆಯುತ್ತಿತ್ತು. ಬೆಳಿಗ್ಗೆ ಅವನೇ ಒರೆಸಿದ್ದ. ಆ ವಾಸನೆಯ ಕೆಳಗೆ ಇನ್ನೊಂದು. ಮುಚ್ಚಿದ ಡಬ್ಬಿಯ ಮಾಂಸ.

ಅಕ್ಕ ಊಟದ ಕುರ್ಚಿಯಲ್ಲಿದ್ದಳು. ಫ್ಯಾಕ್ಟರಿಯ ಟೋಪಿ ಇನ್ನೂ ತಲೆಯ ಮೇಲಿತ್ತು. ಕೋಟಿನ ಬೆಲ್ಟಿನಿಂದ ಕೈ ಕಟ್ಟಿತ್ತು. ಬಾಯಿಂದ ಎದೆಯವರೆಗೆ ಕೆಂಪು. ಕೆಂಪು ಕೋಟಿನ ಬೆನ್ನು ಅವಳ ಮೇಲೆ ಬಾಗಿತ್ತು. ಒಂದು ಕೈಯಲ್ಲಿ ಭಾವನ ಸಲಕರಣೆ ಪೆಟ್ಟಿಗೆಯ ಇಕ್ಕಳ. ಇಕ್ಕಳದಲ್ಲಿ ಬೇರು ಸಮೇತ ಹಲ್ಲು. ಇನ್ನೊಂದು ಕೈ ಅವಳ ಗಂಟಲನ್ನು ನಿಧಾನ ಸವರುತ್ತಿತ್ತು, ಎಲ್ಲಿ ಮೆತ್ತಗಿದೆ ಎಂದು ನೋಡುವ ಹಾಗೆ.

"ಈ ವರ್ಷ ಒಳ್ಳೇ ಮಗು ಆಗಿದ್ಯಾ?" ಎಂದಿತು ಅದು. ಭಾವನ ಗಂಟಲು, ಭಾವನ ದನಿಯಲ್ಲ.

"ಭಾವ," ಎಂದ ಅವನು.

ಅದು ತಿರುಗಿತು. ಗಡ್ಡವನ್ನು ಕಟ್ಟಿರಲಿಲ್ಲ. ಅಂಟಿರಲೂ ಇಲ್ಲ. ಒಂದೊಂದು ಬಿಳಿ ಎಳೆಯೂ ಭಾವನ ಗಲ್ಲದೊಳಕ್ಕೆ ಇಳಿದಿತ್ತು. ಬುಡದಲ್ಲಿ ಚರ್ಮ ಉಬ್ಬಿ ಕೀವು ಕಟ್ಟಿತ್ತು. ಕಣ್ಣು ಭಾವನದೇ, ನೀರು ತುಂಬಿತ್ತು. ಬಾಯಿ ನಗುತ್ತಿತ್ತು.

ಕೊಳೆ ಬೇಕು. ಎಲ್ಲಿದೆ ಕೊಳೆ? ಅಡುಗೆಮನೆಗೆ ಓಡಿದ. ಕಸದ ಬುಟ್ಟಿ ತೊಳೆದು ಕವುಚಿಟ್ಟಿದ್ದ. ಒರೆಸುವ ಬಟ್ಟೆ ಕುದಿಸಿ ಒಣಹಾಕಿದ್ದ. ಸಿಂಕು ಕನ್ನಡಿ. ಹಾಳಾದ ಶುಚಿ. ಜೀವಮಾನವೆಲ್ಲ ಉಜ್ಜಿ ಉಜ್ಜಿ ಅಕ್ಕನನ್ನು ಉಳಿಸುವ ಒಂದು ಹಿಡಿ ಗಲೀಜೂ ಉಳಿದಿರಲಿಲ್ಲ. ಹಿಂದೆ ಅಕ್ಕ ನರಳಿದಳು.

ಬಚ್ಚಲು. ಮೋರಿ. ಜಾಲರಿ ಕಿತ್ತೆಸೆದ. ತೋಳು ಇಳಿಸಿದ. ಮೊಣಕೈವರೆಗೆ. ಇನ್ನೂ ಒಳಗೆ. ಬೆರಳಿಗೆ ಸಿಕ್ಕಿತು. ಮೆತ್ತಗೆ. ತಣ್ಣಗೆ. ಎಳೆದ. ಉದ್ದಕ್ಕೆ ಬಂತು. ಕೂದಲು, ಸೋಪಿನ ಲೋಳೆ, ಕೊಳೆತ ಚರ್ಮ, ಬಿಳಿ ಹುಳು. ನೋಡಬಾರದು. ಕಣ್ಣು ಮುಚ್ಚಿದ. ಬಾಯಿಗೆ ಹಾಕಿದ.

ಅಗಿದ. ಕೂದಲು ಹಲ್ಲಿನ ಸಂದಿಗೆ ಸಿಕ್ಕಿತು. ಏನೋ ಪಟ್ಟನೆ ಒಡೆದು ನಾಲಗೆಯ ಮೇಲೆ ಹರಿಯಿತು. ಹೊಟ್ಟೆ ಎದ್ದು ಗಂಟಲಿಗೆ ಬಂತು. ಅದನ್ನೂ ಸೇರಿಸಿ ಅಗಿದ. ಓಡಿದ. ಕೆಂಪು ಬೆನ್ನಿನ ಮೇಲೆ ಬಿದ್ದ. ಕಾಲರಿಗೆ ಉಗಿದ. ಹಚ್ಚಿದ. ಅದು ಕಿರುಚಿತು. ಇಕ್ಕಳ ಅವನ ಕಿವಿ ಹಿಡಿದು ತಿರುಚಿತು. ಬಿಡಲಿಲ್ಲ. ಉಗಿದ. ಹಚ್ಚಿದ. ಬೆನ್ನು, ತೋಳು, ಎದೆ. ಬಾಯಲ್ಲಿ ಕೊಳೆ ಮುಗಿಯಿತು. ವಾಂತಿ ಬಂತು. ಅದನ್ನೇ ಹಚ್ಚಿದ. ಕೆಂಪು ಕಂದಾಯಿತು. ಮೈ ಭಾರವಾಯಿತು. ಮಂಡಿ ಮಡಚಿತು. ಬಿತ್ತು.

ಗಡ್ಡ ಹಿಡಿದು ಎಳೆದ. ಗಲ್ಲದ ಚರ್ಮ ಸಮೇತ ಬಂತು. ಭಾವ ತನ್ನ ಸ್ವಂತ ದನಿಯಲ್ಲಿ ಚೀರಿದ. ಆ ಚೀರು ಕೇಳಿ ಅವನಿಗೆ ಜೀವ ಬಂದಂತಾಯಿತು.

ಅರ್ಧ ಗಂಟೆಯ ನಂತರ ಅವನೂ ಅಕ್ಕನೂ ಅಂಗಡಿಯಲ್ಲಿದ್ದರು. ಭಾವನನ್ನು ಎದುರುಮನೆಯವರು ಆಸ್ಪತ್ರೆಗೆ ಕರೆದೊಯ್ದಿದ್ದರು. ಅಕ್ಕ ಟವೆಲಿನಿಂದ ಕೆನ್ನೆ ಒತ್ತಿಕೊಂಡು ಅವನ ತೋಳು ಹಿಡಿದಿದ್ದಳು. ಬರಬೇಡ ಎಂದರೂ ಕೇಳದೆ, "ನಿನ್ನ ಒಬ್ಬನನ್ನೇ ಕಳಿಸಲ್ಲ," ಎಂದು ಬಂದಿದ್ದಳು. ಯಜಮಾನಮ್ಮ ಮುದ್ದೆಯನ್ನು ಮೇಜಿನ ಮೇಲೆ ಒಡೆದಳು. ಅವನು ಇಕ್ಕಳದಿಂದ ಬಿಡಿಸಿ ತಂದ ಅಕ್ಕನ ಹಲ್ಲು ಹಸಿಯಾಗಿ ಮೇಲೆಯೇ ಇತ್ತು. ಒಟ್ಟು ಎಂಟು. ಮುದುಕಿ ಒಂದನ್ನು ಬೆರಳಿನಿಂದ ಆರಿಸಿ, ತಿರುಗಿಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಉಳಿದ ಏಳನ್ನು ಮುದ್ದೆಮಾಡಿ ಜೇಬಿಗಿಟ್ಟಳು. ಅಕ್ಕನ ತಲೆಯಿಂದ ನಾಲ್ಕು ಕೂದಲು ಕಿತ್ತು, ಸೂಜಿಗೆ ಪೋಣಿಸಿ ಹೊಲಿದಳು. ಕೋಟು ಮೊಳೆಗೆ ಹೋಯಿತು.

"ಆಯ್ತಾ ಅಮ್ಮ? ಮನೆಗೆ ಹೋಗ್ಬಹುದಾ?" ಎಂದ ಅವನು.

"ನೀನು ಹೋಗಬಹುದು," ಎಂದು ಹೇಳಿ ಮುದುಕಿ ಕೈಚೀಲ ಎತ್ತಿಕೊಂಡಳು. ಚೀಲ ಮೊದಲೇ ತುಂಬಿ ಸಿದ್ಧವಾಗಿತ್ತು. ಹೊಸಿಲಲ್ಲಿ ಒಂದು ಕ್ಷಣ ನಿಂತು ಪಾದ ಹೊರಗಿಟ್ಟಳು. ರಕ್ತ ಬರಲಿಲ್ಲ. "ಕೋಪ ಮಾಡ್ಕೋಬೇಡ ಮಗಾ. ಮೂವತ್ತು ವರ್ಷ ಆಯ್ತು. ಹದಿನೈದು ದಿನಕ್ಕೊಮ್ಮೆ ಕೊಳೆ ಹಚ್ಚು, ಒಣಗೋಕೆ ಬಿಡಬೇಡ. ಅಂದು ಅದನ್ನ ತೊಳೆದಿದ್ದೋನು ನನ್ನ ಗಂಡ, ಅವನೇ ನನಗೆ ಅಗಿದು ಕೊಡ್ತಿದ್ದ. ಅವನು ಹೋದಮೇಲೆ ಇದ್ದ ಕೊಳೆಯಲ್ಲೇ ದಿನ ನೂಕಿದೆ."

ಅವಳು ಬಿಸಿಲಿಗೆ ಇಳಿದು, ತಿರುಗಿ ನೋಡದೆ ನಡೆದುಹೋದಳು. ಅಕ್ಕ ಏನೂ ಅರ್ಥವಾಗದೆ ಅವಳ ಹಿಂದೆಯೇ ಹೆಜ್ಜೆ ಹಾಕಿದಳು. ಹೊಸಿಲು ಮುಟ್ಟಿದ ಕೂಡಲೇ ಟವೆಲು ತೊಯ್ದು ಕೆಂಪಾಯಿತು. ಆಗ ಅವನಿಗೆ ಮೊಳೆಯ ಪಕ್ಕದ ಕಬ್ಬಿಣದ ಬೀರು ಕಂಡಿತು. ಗಟ್ಟಿ ಬೀಗದ್ದು, ತೆರೆದ ಬಾಗಿಲೊಳಗೆ ಖಾಲಿ. ಅಷ್ಟು ಹೆದರಿಕೆಯ ಬಟ್ಟೆಯನ್ನು ಅದರೊಳಗೆ ಬೀಗ ಹಾಕಿಡದೆ, ಯಾರು ಬೇಕಾದರೂ ಕೈಹಾಕುವ ಹಾಗೆ ಮೊಳೆಗೆ ತೂಗುಹಾಕಿದ್ದಳು. ಹೊಸಿಲೊಳಗೇ ಕೂತು ಊರೆಲ್ಲ ವಿಚಾರಿಸಿ, ಕೊಳೆ ಕಂಡರೆ ಸುಮ್ಮನಿರಲಾಗದ ಒಬ್ಬನನ್ನು ಕೆಲಸಕ್ಕೆ ಕರೆದಿದ್ದಳು. ಥೂ ಎಂದು ಉಗಿಯಬೇಕೆನಿಸಿತು. ಬಾಯಿ ಒಣಗಿತ್ತು.

ಈಗ ಅಂಗಡಿಯನ್ನು ಅಕ್ಕ ನೋಡಿಕೊಳ್ಳುತ್ತಾಳೆ. ಒಳಗಿನ ಕೋಣೆಯಲ್ಲೇ ಮಲಗುತ್ತಾಳೆ. ಭಾವ ಬಸ್ಸಿನ ಪಾಳಿ ಮುಗಿಸಿಬಂದು ಅವಳ ಎದುರು ಕೂತು ಊಟಮಾಡಿ ಹೋಗುತ್ತಾನೆ. ಅವನ ಗಲ್ಲದ ಮೇಲೆ ಕೂದಲು ಬೆಳೆಯುವುದಿಲ್ಲ, ಅವನು ನಗುವುದೂ ಇಲ್ಲ. ಕಲೆ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಮೋರಿಯಿಂದ ಡಬ್ಬಿ ತುಂಬಿಕೊಂಡು ಬರುತ್ತಾನೆ. ಮೊದಲ ವರ್ಷ ಪ್ರತಿ ಸಲವೂ ಜ್ವರ ಬರುತ್ತಿತ್ತು. ಎರಡನೆಯ ವರ್ಷ ಓಕರಿಕೆ ಮಾತ್ರ. ಅಕ್ಕ ಮುಖ ತಿರುಗಿಸಿಕೊಳ್ಳುವುದಿಲ್ಲ. ಅಂದಿನ ಹಾಗೆಯೇ ಎರಡೂ ಅಂಗೈ ಜೋಡಿಸಿ ಅವನ ಗಲ್ಲದ ಕೆಳಗೆ ಒಡ್ಡುತ್ತಾಳೆ. ಅವನು ಉಗಿದದ್ದನ್ನು ತಾನೇ ಕೋಟಿಗೆ ಹಚ್ಚುತ್ತಾಳೆ.

ಕಳೆದ ವಾರವೂ ಒಡ್ಡಿದಳು. ಕೋಟಿನ ತೋಳು ಒಣಗಿ, ಗಾಳಿಯಿಲ್ಲದಿದ್ದರೂ ಅಲುಗುತ್ತಿತ್ತು.

ಅವನು ಅಗಿದ. ಬಹಳ ಹೊತ್ತು ಅಗಿದ. ಡಬ್ಬಿ ಬರಿದಾಯಿತು. ತಳವನ್ನೂ ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡ. ಓಕರಿಕೆ ಬರಲಿಲ್ಲ.

"ಸಾಕು, ಉಗಿಯೋ ತಮ್ಮಾ," ಎಂದಳು ಅಕ್ಕ.

ಅವನು ಅವಳ ಮುಖವನ್ನೇ ನೋಡುತ್ತ, ನಾಚಿಕೆಯಿಂದ ತಲೆ ಅಡ್ಡಡ್ಡ ಆಡಿಸಿದ. ನುಂಗಿಬಿಟ್ಟಿದ್ದ. ಅಕ್ಕ ಖಾಲಿ ಅಂಗೈ ಹಾಗೇ ಒಡ್ಡಿಕೊಂಡು ನಿಂತಿದ್ದಳು.